ನಿನ್ನೆ ಸಂಜೆವರೆಗೂ ಚೆನ್ನಾಗಿತ್ತಲ್ಲ ಸಾರ್!

ಕೆಂಗೇರಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಗ್ಗೆ ಕಾರಿನ ಬ್ಯಾಟರಿ ಬಗ್ಗೆ ಆಡಿದ ಮಾತುಗಳಿವು. ವೇದಿಕೆ ಇರಲಿಲ್ಲ. ಮೈಕ್ ಇತ್ತು, ಅದೂ ಅರ್ಧದಲ್ಲಿ ಕೈಕೊಟ್ಟಿತು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಎದುರಿಗೆ ನಾಲ್ಕನೇ ಮಹಡಿಯ ರಾಯರ ಕಾರು ನಿಲ್ಲಿಸಿ, ಬಾನೆಟ್ ಎತ್ತಿಟ್ಟುಕೊಂಡು ಮಾತಾಡಿದ್ದು. ಅವತ್ತು ಬರಲಾಗದವರು ಬರೆದುಕೊಡಿ ಅಂದರು. ಆಡಿದ ಹಾಗೇ ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಿದ್ದೇನೆ ಅಷ್ಟೇ.

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ 28 ವರ್ಷ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದವನು. ಅಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದು ಗೊತ್ತಾ? ‘ನಿನ್ನೆ ಸಂಜೆವರೆಗೂ ಚೆನ್ನಾಗಿತ್ತಲ್ಲ ಸಾರ್!’ ಬೆಳಗ್ಗೆ ಕೀ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಮುಹೂರ್ತಕ್ಕೆ ಹೊರಟ ಮನೆಯವರೆಲ್ಲ ರೇಷ್ಮೆ ಸೀರೆ ಉಟ್ಟು, ತಾಂಬೂಲದ ಚೀಲ ಹಿಡಿದು ಕಾರಿನ ಸುತ್ತ ನಿಂತಿರುತ್ತಾರೆ.

ಚೆನ್ನಾಗಿರಲಿಲ್ಲ ಸ್ವಾಮಿ. ಎರಡು ಮೂರು ತಿಂಗಳಿಂದಲೇ ಚೆನ್ನಾಗಿರಲಿಲ್ಲ. ಬ್ಯಾಟರಿ ಅಷ್ಟು ದಿನದಿಂದ ಹೇಳುತ್ತಲೇ ಇತ್ತು, ನಾವು ಕೇಳಿಸಿಕೊಳ್ಳಲಿಲ್ಲ. ಇನ್ನೂ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಇವತ್ತಿನ ಮಾತೆಲ್ಲ ಇದರ ಸುತ್ತಲೇ. ನಿಮ್ಮಂಥ ಊರೊಳಗೆ ಓಡಾಡುವ ಕಾರುಗಳಲ್ಲಿ ಬ್ಯಾಟರಿ ವಯಸ್ಸಾಗಿ ಸಾಯುವುದು ಕಡಿಮೆ. ಜಾಸ್ತಿ ಸಾಯುವುದು ಹಸಿವಿನಿಂದ.

ರಾಯರೇ, ನಿಮ್ಮ ಕಾರು ನಿನ್ನೆಯಿಂದ ಸ್ಟಾರ್ಟ್ ಮಾಡಿಲ್ಲ ತಾನೇ? ಒಳ್ಳೆಯದು. ಈ ಮಲ್ಟಿಮೀಟರ್ ನೋಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಾಲ್ಕೈದು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ ವೋಲ್ಟ್ 20ಕ್ಕೆ ಇಟ್ಟೆ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಎಷ್ಟು ತೋರಿಸ್ತಿದೆ? 12.14. ಈ ನಂಬರ್ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈ ಡಬ್ಬದೊಳಗೆ ಏನಿದೆ ಅಂತ ಸ್ವಲ್ಪ ನೋಡೋಣ, ಜಾಸ್ತಿ ಕೊರೆಯುವುದಿಲ್ಲ. ಒಳಗೆ ಆರು ಸೆಲ್ ಇವೆ, ಆರು ಪುಟ್ಟ ಕೋಣೆ ಅಂದುಕೊಳ್ಳಿ. ಪ್ರತಿ ಕೋಣೆಯಲ್ಲೂ ಸೀಸದ ಪ್ಲೇಟುಗಳು, ಅವು ಮುಳುಗುವಷ್ಟು ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ತುಂಬಿದ ಒಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರೂ ಸೆಲ್ ಸೇರಿಸಿ ಲೆಕ್ಕ ಹಾಕಿದರೆ 12.6. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಇದನ್ನು ಮೊದಲು ಮಾಡಿದ್ದು 1859ರಲ್ಲಿ. ನಮ್ಮಲ್ಲಿ ಸಿಪಾಯಿ ದಂಗೆ ಆಗಿ ಎರಡು ವರ್ಷ, ಅಷ್ಟು ಹಳೆಯದು! ಕಾರಿಗೆ ಇದು ನಿಜವಾಗಿ ಬೇಕೇ ಬೇಕು ಅಂತಾಗಿದ್ದು 1912ರ ಹೊತ್ತಿಗೆ. ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಅಲ್ಲಿವರೆಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು, ಅದು ವಾಪಸ್ ಒದ್ದರೆ ಕೈ ಮುರಿಯುತ್ತಿತ್ತು. ಇಲ್ಲಿ ಕೂತಿರುವ ಹಿರಿಯರಿಗೆ ಅಂಬಾಸಿಡರ್‌ನ ಹ್ಯಾಂಡಲ್ ನೆನಪಿರಬಹುದು. ನಾವು ‘ಸೆಲ್ಫ್ ಹೊಡಿ’ ಅನ್ನುತ್ತೇವಲ್ಲ, ಆ ಸೆಲ್ಫ್ ಅಂದರೆ ಸೆಲ್ಫ್ ಸ್ಟಾರ್ಟರ್.

ಈಗ ಹಸಿವಿನ ಲೆಕ್ಕ. ಇದಕ್ಕೆ ಸ್ವಲ್ಪ ನಿಧಾನವಾಗಿ ಬರೋಣ, ಯಾಕೆಂದರೆ ಎಲ್ಲರೂ ತಪ್ಪು ತಿಳಿದಿರುವುದು ಇಲ್ಲೇ.

ಸೆಲ್ಫ್ ಹೊಡೆದಾಗ ಬ್ಯಾಟರಿ ಖಾಲಿಯಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 150 ಆಂಪಿಯರ್ ಎಳೆಯಿತು ಅನ್ನೋಣ. ಹೆದರಿಕೆ ಹುಟ್ಟಿಸುವ ನಂಬರ್. ಆದರೆ ಎಳೆಯುವುದು ಮೂರೇ ಸೆಕೆಂಡ್. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್. ಆ ಲೆಕ್ಕದಲ್ಲಿ ಇದು 0.125 ಆಂಪಿಯರ್ ಅವರ್, ಅಂದರೆ ಚಿಲ್ಲರೆ ಕಾಸು. ನಿಜವಾದ ಖರ್ಚು ಕಾರು ನಿಂತಾಗ ಆಗುತ್ತದೆ. ಕೀ ತೆಗೆದು, ಲಾಕ್ ಮಾಡಿ, ಲಿಫ್ಟ್ ಹತ್ತಿ ಮನೆಗೆ ಹೋದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಕೀಗೆ ಕಾಯುತ್ತಿರುವ ರಿಸೀವರ್, ಎಂಜಿನ್ ಕಂಪ್ಯೂಟರಿನ ನೆನಪು, ಎಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತಲೇ ಇರುತ್ತವೆ. ಇದು ದೋಷ ಏನಲ್ಲ, ಎಲ್ಲ ಕಾರಿನಲ್ಲೂ ಇರೋದೇ. 30 ಅಂತ ಹಿಡಿಯೋಣ. ದಿನಕ್ಕೆ 0.72 ಆಂಪಿಯರ್ ಅವರ್. ವಾರಕ್ಕೆ 5.

ಈಗ ಭಾನುವಾರ ಬಂತು. ನೀವು ಕಾರು ತೆಗೆದು ಹತ್ತು ನಿಮಿಷದ ದಾರಿಯ ದೇವಸ್ಥಾನಕ್ಕೆ ಹೋಗಿ ಬಂದಿರಿ. ಆಗ ಬ್ಯಾಟರಿಗೆ 10 ಆಂಪಿಯರ್‌ನಂತೆ ಚಾರ್ಜ್ ಒಳಗೆ ಹೋಯಿತು ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಹೋಗುತ್ತಾ ಹತ್ತು ನಿಮಿಷ, ಅಲ್ಲಿ ಆಫ್ ಮಾಡಿ ಮತ್ತೆ ಸೆಲ್ಫ್, ಬರುತ್ತಾ ಹತ್ತು ನಿಮಿಷ. ಒಟ್ಟು ಮೂರು ಆಂಪಿಯರ್ ಅವರ್ ಸಿಕ್ಕಿತು. ಖರ್ಚು 5, ಸಂಬಳ 3. ಪ್ರತಿ ವಾರ ಎರಡು ಸಾಲ. ಸಣ್ಣ ಕಾರಿನ ಬ್ಯಾಟರಿ ಇರುವುದೇ 35 ಆಂಪಿಯರ್ ಅವರ್. ಎರಡು ತಿಂಗಳಿಗೆ ಅರ್ಧ ಖಾಲಿ. ಮೇಲೆ ಮಳೆಗಾಲ, ಲೈಟು, ವೈಪರ್, ಎಸಿ ಬ್ಲೋವರ್, ಸಿಗ್ನಲ್‌ನಲ್ಲಿ ಐಡಲ್. ಐಡಲ್‌ನಲ್ಲಿ ಎಂಜಿನ್ನಿನ ಜೊತೆ ತಿರುಗಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ನಿಧಾನ ತಿರುಗುತ್ತದೆ, ಕರೆಂಟ್ ಕಡಿಮೆ ಕೊಡುತ್ತದೆ. ಆಗ ಆ ಮೂರೂ ಸಿಗುವುದಿಲ್ಲ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತಲ್ಲ, ಆಮೇಲೆ ಬಾಗಿಲು ತೆರೆದಾಗ ನನ್ನ ಅಂಗಡಿಗೆ ಬಂದ ಫೋನ್‌ಗಳಲ್ಲಿ ಮುಕ್ಕಾಲು ಇದೇ. ಕಾರು ಹೊಸದು, ಬ್ಯಾಟರಿ ಹೊಸದು, ಓಡಿಸಿಯೇ ಇಲ್ಲ, ಹೇಗೆ ಹೋಯಿತು? ಓಡಿಸಿಯೇ ಇಲ್ಲ, ಅದಕ್ಕೇ ಹೋಯಿತು.

ಖಾಲಿಯಾದರೆ ಮತ್ತೆ ತುಂಬಿದರಾಯಿತು, ಅದರಲ್ಲೇನು ಅನ್ನಬಹುದು. ಮೊಬೈಲ್ ಹಾಗೇ ಮಾಡುತ್ತೇವಲ್ಲ. ಇದು ಆ ಜಾತಿಯ ಬ್ಯಾಟರಿ ಅಲ್ಲ. ಚಾರ್ಜ್ ಇಳಿದಂತೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಮತ್ತೆ ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ? ಸಕ್ಕರೆ ಪಾಕ ಮಾಡಿ ತಟ್ಟೆಯಲ್ಲಿ ಮರೆತುಬಿಟ್ಟರೆ ಹೇಗೆ ಹರಳುಗಟ್ಟುತ್ತದೋ, ಹಾಗೆ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅಷ್ಟು ಜಾಗ ಸತ್ತಂತೆಯೇ. ಇದಕ್ಕೆ ಸಲ್ಫೇಶನ್ ಅನ್ನುತ್ತಾರೆ. 35ರ ಬ್ಯಾಟರಿ 20ರದ್ದಾಗುತ್ತದೆ, ಡಬ್ಬದ ಮೇಲೆ ಮಾತ್ರ 35 ಅಂತಲೇ ಬರೆದಿರುತ್ತದೆ.

ಈಗ ರಾಯರ 12.14ಕ್ಕೆ ಬನ್ನಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಅಳೆದರೆ 12.6ರ ಆಸುಪಾಸು ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12 ಅಂದರೆ ಕಾಲು ಭಾಗ. ಎಷ್ಟು ಸಣ್ಣ ಅಂತರ ನೋಡಿ, ಒಂದು ವೋಲ್ಟ್ ಒಳಗೆ ಎಲ್ಲ ಮುಗಿದುಹೋಗುತ್ತದೆ. ‘ಹನ್ನೆರಡು ವೋಲ್ಟ್ ಬ್ಯಾಟರಿ, ಹನ್ನೆರಡು ತೋರಿಸ್ತಿದೆ, ಸರಿ ಇದೆ’ ಅನ್ನುವವರನ್ನು ಬಹಳ ನೋಡಿದ್ದೇನೆ. ಸರಿ ಇಲ್ಲ ಅದು. ರಾಯರ ಬ್ಯಾಟರಿ ಅರ್ಧಕ್ಕಿಂತ ಕೆಳಗಿದೆ. ಎಷ್ಟು ದಿನಕ್ಕೊಮ್ಮೆ ತೆಗೀತೀರಿ ರಾಯರೇ? ‘ವಾರಕ್ಕೊಂದು ಸಲ, ತರಕಾರಿಗೆ.’ ಆಯ್ತಲ್ಲ, ನಾನು ಹೇಳಿದ ಲೆಕ್ಕವೇ! ಓಡಿಸಿ ನಿಲ್ಲಿಸಿದ ಕೂಡಲೇ ಮಾತ್ರ ಅಳೆಯಬೇಡಿ, ಆಗ ಸುಳ್ಳು ನಂಬರ್ ಬರುತ್ತದೆ. ಊಟ ಆದ ತಕ್ಷಣ ತೂಕ ನೋಡಿದ ಹಾಗೆ.

ಮೀಟರ್ ಇಲ್ಲದಿದ್ದರೂ ಕಿವಿ ಇದೆ. ಒಳ್ಳೆಯ ಬ್ಯಾಟರಿಯಲ್ಲಿ ಸೆಲ್ಫ್ ಚುರುಕಾಗಿ ಒಂದೇ ಉಸಿರಿಗೆ ತಿರುಗುತ್ತದೆ. ಸೊರಗಿದ್ದರೆ ಎಳೆದು ಎಳೆದು ತಿರುಗುತ್ತದೆ, ವಯಸ್ಸಾದವರು ಮೆಟ್ಟಿಲು ಹತ್ತಿದ ಹಾಗೆ ಒಂದೊಂದು ಸುತ್ತಿಗೂ ಏದುಸಿರು. ಈ ಎಳೆತವನ್ನೇ ನಾನು ಬ್ಯಾಟರಿ ನಮಗೆ ಬರೆಯುವ ಮೊದಲ ಪತ್ರ ಅನ್ನುವುದು. ಎರಡನೆಯದು, ಸ್ಟಾರ್ಟ್ ಮಾಡುವಾಗ ಡ್ಯಾಶ್‌ಬೋರ್ಡ್ ದೀಪಗಳು ಪೂರ್ತಿ ಮಂಕಾಗುವುದು, ಗಡಿಯಾರ 12:00ಕ್ಕೆ ಹೋಗಿ ಕೂರುವುದು, ರೇಡಿಯೋ ಚಾನೆಲ್ ಮರೆಯುವುದು. ಮೂರನೆಯದು ಟಕಟಕಟಕ ಅನ್ನುವ ಸದ್ದು. ಸೆಲ್ಫ್‌ನ ಸ್ವಿಚ್ ಎಳೆದುಕೊಳ್ಳುತ್ತದೆ, ವೋಲ್ಟೇಜ್ ಬಿದ್ದುಹೋಗುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಇದು ಕೊನೆಯ ಪತ್ರ. ಒಂದೇ ಒಂದು ‘ಟಕ್’ ಅಂದು ಸುಮ್ಮನಾದರೆ, ಲೈಟೂ ಜೋರಾಗಿ ಉರಿಯುತ್ತಿದ್ದರೆ, ಬ್ಯಾಟರಿಗಿಂತ ಸೆಲ್ಫ್ ಮೋಟಾರಿನ ಮೇಲೆ ಅನುಮಾನ ಪಡಿ. ಸ್ಟಾರ್ಟ್ ಮಾಡುವಾಗ ಮೀಟರ್ ಹಿಡಿದರೆ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಅದರ ಆಯುಸ್ಸು ಮುಗಿಯುತ್ತಾ ಬಂತು ಅಂತ.

ಡಬ್ಬದ ಹೊಟ್ಟೆ ಉಬ್ಬಿದ್ದರೆ, ಕೊಳೆತ ಮೊಟ್ಟೆ ವಾಸನೆ ಬಂದರೆ ಕಾಯಬೇಡಿ, ಅದು ಅತಿಯಾಗಿ ಚಾರ್ಜ್ ಆಗಿ ಕಾದು ಕೆಟ್ಟ ಬ್ಯಾಟರಿ. ಹತ್ತಿರ ಬೀಡಿ ಸಿಗರೇಟು ಬೇಡ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ನನ್ನ ಅಂಗಡಿ ಪಕ್ಕದಲ್ಲೇ ಒಂದು ಸಿಡಿದಿತ್ತು. ಹುಡುಗನ ಕಣ್ಣು ಉಳಿದದ್ದು ಅವನು ಹಾಕಿಕೊಂಡಿದ್ದ ಕನ್ನಡಕದಿಂದ.

ಕೆಲವು ಬ್ಯಾಟರಿಗಳ ಮೇಲೆ ಒಂದು ಗಾಜಿನ ಕಣ್ಣು ಇರುತ್ತದೆ, ಹಸಿರು ಇದ್ದರೆ ಸರಿ, ಕಪ್ಪಾದರೆ ಚಾರ್ಜ್ ಕಡಿಮೆ, ಬಿಳಿ ಆದರೆ ನೀರು ಇಳಿದಿದೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅದು ಆರು ಕೋಣೆಯಲ್ಲಿ ಒಂದು ಕೋಣೆಗೆ ಮಾತ್ರ ಇಣುಕುತ್ತದೆ. ಉಳಿದ ಐದರಲ್ಲಿ ಒಂದು ಕೆಟ್ಟಿದ್ದರೂ ಕಣ್ಣು ಹಸಿರಾಗಿಯೇ ನಗುತ್ತಿರುತ್ತದೆ.

ಬಿಸಿಲಿನ ವಿಷಯ. ನಮ್ಮ ಕಡೆ ಜನ ಬ್ಯಾಟರಿಯನ್ನು ಬೈಯುವುದು ಡಿಸೆಂಬರ್ ಜನವರಿಯಲ್ಲಿ. ಚಳಿಗೆ ಹೋಯಿತು ಅಂತಾರೆ. ಅದಕ್ಕೆ ಪೆಟ್ಟು ಬಿದ್ದದ್ದು ಏಪ್ರಿಲ್ ಮೇನಲ್ಲಿ. ಹತ್ತು ಡಿಗ್ರಿ ಬಿಸಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟು ವೇಗವಾಗುತ್ತದೆ. ಪ್ಲೇಟ್ ಬೇಗ ಸವೆಯುತ್ತದೆ, ನೀರು ಬೇಗ ಆರುತ್ತದೆ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟುವ ಬಿಸಿಲಲ್ಲಿ ನಿಂತು, ಮೇಲೆ ಬಾನೆಟ್ ಒಳಗಿನ ಕಾವು ಸೇರಿದರೆ ಅದರ ಪಾಡು ಯೋಚಿಸಿ. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಸೆಲ್ಫ್‌ಗೆ ಜಾಸ್ತಿ ಬಲ ಬೇಕು, ಆಗ ಬ್ಯಾಟರಿಯ ನಿಜಬಣ್ಣ ಬಯಲಾಗುತ್ತದೆ ಅಷ್ಟೇ. ಮೂರರಿಂದ ಐದು ವರ್ಷ ನಡೆದರೆ ನಮ್ಮ ಹವೆಯಲ್ಲಿ ಅದು ಒಳ್ಳೆಯ ಬಾಳಿಕೆ.

ಈಗ ನನ್ನದೇ ಒಂದು ಕಥೆ. ಅಂಗಡಿ ಮುಚ್ಚಿ ಬೆಂಗಳೂರಿಗೆ ಬಂದ ಮೇಲೆ ಭಾವಮೈದ ಒಂದು ದಿನ ಫೋನ್ ಮಾಡಿದ. ‘ಭಾವ, ಒಂದೂವರೆ ವರ್ಷದಲ್ಲಿ ಎರಡನೇ ಬ್ಯಾಟರಿ ಹಾಕಿಸ್ತಿದ್ದೀನಿ. ಇದೂ ಬೆಳಗ್ಗೆ ಎಳೀತಿದೆ.’ ಅವನು ಹೋದ ಗ್ಯಾರೇಜಿನವರು ನೋಡಿದ ಕೂಡಲೇ ಬ್ಯಾಟರಿ ಹೋಗಿದೆ ಅಂದಿದ್ದರು. ಎರಡು ಸಲವೂ ಅದನ್ನೇ. ನಾನು ಹೋಗಿ ಬಾನೆಟ್ ಎತ್ತಿ ಮೈನಸ್ ಟರ್ಮಿನಲ್ ಹಿಡಿದು ತಿರುಗಿಸಿದೆ. ಕೈಗೇ ತಿರುಗಿತು. ಕೆಳಗೆಲ್ಲ ಬಿಳಿ ಹಸಿರು ಪುಡಿ. ಆ ಸಡಿಲ ಜಾಗದಲ್ಲಿ ನೂರರಲ್ಲಿ ಒಂದು ಭಾಗ ಓಮ್ ತಡೆ ಇದ್ದರೂ ಸಾಕು, 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ಅಲ್ಲೇ ಸುಟ್ಟುಹೋಗುತ್ತದೆ. ಓಡಿಸುವಾಗ ಚಾರ್ಜೂ ಸರಿಯಾಗಿ ಒಳಗೆ ಹೋಗುವುದಿಲ್ಲ. ಊಟ ಬಡಿಸಿದ್ದಾರೆ, ಬಾಯಿ ಕಟ್ಟಿದ್ದಾರೆ. ಹತ್ತು ನಂಬರ್ ಪಾನಾ, ಒಂದು ಚಮಚ ಅಡುಗೆ ಸೋಡಾ, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್. ಕಾಲು ಗಂಟೆ ಕೆಲಸ. ಆ ಬ್ಯಾಟರಿ ಈಗಲೂ ಓಡುತ್ತಿದೆ. ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ನೋಡಲಿಲ್ಲ, ಅಷ್ಟೇ. ನೋಡದೆ ಬದಲಿಸುವುದು ಸುಲಭ, ಹಣ ಗಿರಾಕಿಯದು.

ನೀವೇ ಮಾಡುವುದಾದರೆ ಒಂದು ಕ್ರಮ ಇದೆ. ಬಿಚ್ಚುವಾಗ ಮೊದಲು ಮೈನಸ್. ಹಾಕುವಾಗ ಮೈನಸ್ ಕೊನೆಗೆ. ಯಾಕೆ? ಕಾರಿನ ಬಾಡಿಯೇ ಮೈನಸ್‌ಗೆ ಸೇರಿದೆ. ಮೈನಸ್ ಇದ್ದ ಹಾಗೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಪಾನಾ ಕಾದು ಕೆಂಪಾಗುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಸೋಡಾ ನೀರು ಮುಚ್ಚಳದ ತೂತಿನಿಂದ ಒಳಗೆ ಹೋಗಬಾರದು. ಒರೆಸಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ಮುಚ್ಚಳ ತೆಗೆಯುವ ಬ್ಯಾಟರಿ ಆದರೆ ನೀರು ನೋಡಿ, ಎರಡು ಗೆರೆಗಳ ನಡುವೆ ಇರಬೇಕು. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡ, ಮನೆಯ ಫಿಲ್ಟರ್ ನೀರು ಬೇಡ, ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ. ಆಸಿಡ್ ಅಂತೂ ಮನೆಯಲ್ಲಿ ಮುಟ್ಟಲೇಬೇಡಿ. ಪೆಟ್ರೋಲ್ ಬಂಕಿನಲ್ಲೂ ಬ್ಯಾಟರಿ ಅಂಗಡಿಯಲ್ಲೂ ಬಾಟಲಿ ಸಿಗುತ್ತದೆ, ಅದಕ್ಕೂ ಜಿಪುಣತನ ಮಾಡಿದರೆ ಏನು ಹೇಳಲಿ.

ಇನ್ನು ಕಳ್ಳ ಕರೆಂಟ್. ಕಾರು ಕೊಂಡ ಮೇಲೆ ನಾವು ಸುಮ್ನೆ ಇರುತ್ತೇವಾ? ದೊಡ್ಡ ಸ್ಕ್ರೀನು, ಆಂಪ್ಲಿಫೈಯರ್, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಕಾಲ ಬುಡಕ್ಕೆ ನೀಲಿ ಲೈಟು. ಆಕ್ಸೆಸರಿ ಅಂಗಡಿಯ ಹುಡುಗ ಕೀ ಆಫ್ ಮಾಡಿದರೆ ಆಫ್ ಆಗುವ ವೈರ್ ಹುಡುಕುವುದು ಬಿಟ್ಟು, ನೇರ ಬ್ಯಾಟರಿಗೆ ಕೊಟ್ಟಿರುತ್ತಾನೆ. ಆಗ 30 ಮಿಲಿ ಆಂಪಿಯರ್ 300 ಆಗುತ್ತದೆ. ದಿನಕ್ಕೆ 7 ಆಂಪಿಯರ್ ಅವರ್! ಐದು ದಿನಕ್ಕೆ ಸಣ್ಣ ಬ್ಯಾಟರಿ ಪೂರ್ತಿ ಖಾಲಿ. ಕ್ಯಾಮೆರಾ ನಿಂತಾಗಲೂ ರೆಕಾರ್ಡ್ ಮಾಡುವಂತೆ ಇಟ್ಟಿದ್ದರೆ ಅದೂ ಹಾಗೇ. ಡಿಕ್ಕಿಯ ದೀಪ ಇನ್ನೊಂದು ಕಳ್ಳ. ಮುಚ್ಚಿದ ಮೇಲೆ ಆರಿದೆಯೋ ಇಲ್ಲವೋ ಹೊರಗಿನಿಂದ ಹೇಗೆ ಗೊತ್ತಾಗಬೇಕು? ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ, ಹತ್ತು ಸೆಕೆಂಡ್ ಬಿಟ್ಟು ತೆಗೆದು ನೋಡಿ. ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ಮೊಮ್ಮಗಳು.

ಕಳ್ಳನನ್ನು ಹಿಡಿಯಲು ಮೈನಸ್ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಬ್ಯಾಟರಿಗೂ ಕೇಬಲ್‌ಗೂ ನಡುವೆ ಸೇರಿಸಬೇಕು. ಬಾಗಿಲು ಎಲ್ಲ ಮುಚ್ಚಿ ಅರ್ಧ ಗಂಟೆ ಕಾಯಬೇಕು, ಕಾರಿನ ಕಂಪ್ಯೂಟರುಗಳು ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ಆಮೇಲೂ ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ತೆಗೆದು ನೋಡುತ್ತಾ ಹೋಗಬೇಕು. ಯಾವುದನ್ನು ತೆಗೆದಾಗ ನಂಬರ್ ದಡಕ್ಕನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಮೀಟರ್ ಹಾಗೆ ಸೇರಿಸಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ.

ಆಲ್ಟರ್ನೇಟರ್ ಬಗ್ಗೆ ಚುಟುಕಾಗಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ಬಂದರೆ ಚಾರ್ಜಿಂಗ್ ಸರಿ ಇದೆ. 13ಕ್ಕಿಂತ ಕೆಳಗೆ ಇದ್ದರೆ ಬೆಲ್ಟ್ ನೋಡಿ, ಆಲ್ಟರ್ನೇಟರ್ ನೋಡಿ. 15 ದಾಟಿದರೆ ಬ್ಯಾಟರಿ ಕುದಿಯುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಸಿ ಇಳಿಸಿ ಮಾಡುತ್ತದೆ, ಅಲ್ಲಿ ಒಂದು ಸಲ ನೋಡಿ ತೀರ್ಪು ಕೊಡಬೇಡಿ. ಇನ್ನೊಂದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು, ಗಾಡಿ ಆಫ್ ಆಗದಿದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ ಅನ್ನುವ ಪರೀಕ್ಷೆ ಈಗಲೂ ಕೆಲವರು ಮಾಡುತ್ತಾರೆ. ಡೈನಮೋ ಕಾಲದಲ್ಲಿ ನಾನೂ ಮಾಡಿದ್ದೇನೆ. ಈಗಿನ ಕಾರಿನಲ್ಲಿ ಮಾಡಿದರೆ ವೋಲ್ಟೇಜ್ ಒಮ್ಮೆಗೇ ಹಾರಿ ಎಂಜಿನ್ ಕಂಪ್ಯೂಟರ್ ಸುಡಬಹುದು. ಯಾರಾದರೂ ಕೈ ಹಾಕಿದರೆ ತಡೆಯಿರಿ.

ಪ್ರಶ್ನೆಗಳು ಬಂದವು. ಒಬ್ಬ ಮೇಡಂ ಕೇಳಿದರು, ‘ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ, ಸಾಕಲ್ವಾ?’ ಸಾಲದು ಮೇಡಂ. ಐಡಲ್‌ನಲ್ಲಿ ಸಿಗುವುದು ಕಡಿಮೆ, ಎಂಜಿನ್ ಪೂರ್ತಿ ಬಿಸಿಯೂ ಆಗುವುದಿಲ್ಲ. ಅದೂ ಈ ಬೇಸ್‌ಮೆಂಟಿನಲ್ಲಿ ಎಲ್ಲರೂ ಹಾಗೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಸೆಕ್ಯೂರಿಟಿ ಹುಡುಗ ಇಲ್ಲೇ ಕೂತಿರುತ್ತಾನೆ. ಅದರ ಬದಲು ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಒಂದು ಗಂಟೆ ಹೊರಗೆ ರಸ್ತೆಯಲ್ಲಿ ಓಡಿಸಿ.

‘ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋಗ್ತೀವಿ, ಏನು ಮಾಡೋದು?’ ಪೂರ್ತಿ ಚಾರ್ಜ್ ಮಾಡಿ ಮೈನಸ್ ಬಿಚ್ಚಿಟ್ಟು ಹೋಗಿ. ಗಡಿಯಾರ, ಕಿಟಕಿ ಸೆಟ್ಟಿಂಗ್ ಹೋಗಬಹುದು, ಚಿಂತೆಯಿಲ್ಲ. ಡಿಕ್ಕಿ ಬಟನ್‌ನಿಂದ ಮಾತ್ರ ತೆರೆಯುವ ಕಾರಾದರೆ ಬೇಕಾದ ಸಾಮಾನು ಮೊದಲೇ ತೆಗೆದಿಡಿ. ಆದರೆ ಬಿಚ್ಚಿಟ್ಟ ಬ್ಯಾಟರಿಯೂ ನಿಧಾನಕ್ಕೆ ತಾನೇ ಇಳಿಯುತ್ತದೆ, ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ಚಾರ್ಜ್ ಮಾಡಿಕೊಟ್ಟರೆ ಒಳ್ಳೆಯದು. ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇರುವ ಪುಣ್ಯವಂತರು ತಾನಾಗಿಯೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ಹಾಕಿಟ್ಟು ಹೋಗಬಹುದು.

ಎಲೆಕ್ಟ್ರಿಕ್ ಕಾರಿನ ಹುಡುಗನೊಬ್ಬ ಹಿಂದೆ ನಿಂತು ನಗುತ್ತಿದ್ದ. ಅವನಿಗೆ ಈ ತಾಪತ್ರಯ ಇಲ್ಲವಂತೆ. ಇದೆಯಪ್ಪಾ. ನಿನ್ನ ಕಾರಿನಲ್ಲೂ ಒಂದು 12 ವೋಲ್ಟ್ ಬ್ಯಾಟರಿ ಇದೆ. ಬಾಗಿಲ ಲಾಕ್, ಸ್ಕ್ರೀನ್, ಕಂಪ್ಯೂಟರ್ ಎಲ್ಲ ಅದರ ಮೇಲೆ. ದೊಡ್ಡ ಬ್ಯಾಟರಿಯನ್ನು ಎಬ್ಬಿಸುವುದೂ ಅದೇ. ಸಣ್ಣದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ. ನಗು ನಿಂತಿತು.

ಹೊಸದು ಕೊಳ್ಳಲೇಬೇಕಾದರೆ ಮೊದಲು ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಆರು ತಿಂಗಳು ಕೂತ ಬ್ಯಾಟರಿ ಅಲ್ಲೇ ಹಸಿದಿರುತ್ತದೆ. ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ, ಕೇಬಲ್ ಎಟುಕಬೇಕು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಕಾರಾದರೆ ಅದಕ್ಕೆ ಬೇರೆ ಜಾತಿಯ ಬ್ಯಾಟರಿ, ಮಾಮೂಲಿ ಹಾಕಿಸಿದರೆ ಬೇಗ ಹೋಗುತ್ತದೆ. ವಾರಂಟಿ ‘60 ತಿಂಗಳು’ ಅಂದರೆ ಅದರಲ್ಲಿ ಉಚಿತವಾಗಿ ಬದಲಿಸಿಕೊಡುವುದು ಎಷ್ಟು ತಿಂಗಳು, ಪ್ರೋ ರಾಟಾ ಎಷ್ಟು ಅಂತ ಬಿಡಿಸಿ ಕೇಳಿ. ಪ್ರೋ ರಾಟಾ ಅಂದರೆ ಬರೀ ರಿಯಾಯಿತಿ, ಪುಕ್ಕಟೆ ಅಲ್ಲ. ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಳೆಯುತ್ತಾರೆ. ಗುಜರಿಯವನು ನೂರು ರೂಪಾಯಿ ಜಾಸ್ತಿ ಕೊಟ್ಟರೂ ಬೇಡ. ಎಲ್ಲೋ ಶೆಡ್ಡಿನಲ್ಲಿ ಒಡೆದು, ಆಸಿಡ್ ಚರಂಡಿಗೆ ಸುರಿದು, ಸೀಸ ಕರಗಿಸುತ್ತಾರೆ. ಆ ಹೊಗೆ ಅಕ್ಕಪಕ್ಕದ ಮಕ್ಕಳ ಮೈಗೆ ಸೇರುತ್ತದೆ, ಸೀಸ ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಬ್ಯಾಟರಿ ತ್ಯಾಜ್ಯಕ್ಕೆ 2022ರಲ್ಲಿ ಬಂದ ಹೊಸ ನಿಯಮದ ಪ್ರಕಾರ ತಯಾರಿಸಿದವರೇ ಹಳೆಯದನ್ನು ವಾಪಸ್ ತರಿಸಿ ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಒಂದೂವರೆ ಗಂಟೆ ಆಗಿತ್ತು. ರಾಯರು ಕಾರು ತಮ್ಮ ಜಾಗಕ್ಕೆ ಹಾಕಲು ಹೋದರು. ಟಕಟಕಟಕಟಕ.

ತಪ್ಪು ನನ್ನದೇ. ತೋರಿಸುವ ಭರದಲ್ಲಿ ಹೆಡ್‌ಲೈಟ್ ಹಾಕಿಸಿದ್ದೆ, ಆರಿಸಲು ಮರೆತಿದ್ದೆ. ಎರಡು ಹೆಡ್‌ಲೈಟ್ ಸೇರಿ ಹತ್ತು ಆಂಪಿಯರ್ ಎಳೆಯುತ್ತವೆ, ಅರ್ಧ ಹೊಟ್ಟೆಯ ಬ್ಯಾಟರಿ ಎಷ್ಟು ಹೊತ್ತು ತಡೆದೀತು. ಮೀಟರ್ ಹಿಡಿದೆ, 11.7. ಮಕ್ಕಳು ಚಪ್ಪಾಳೆ ತಟ್ಟಿದರು. ‘ತಳ್ಳೋಣ’ ಅಂತ ನಾಲ್ಕು ಜನ ಎದ್ದರು. ಆಟೋಮ್ಯಾಟಿಕ್ ಗೇರಿನ ಕಾರು, ತಳ್ಳಿದರೆ ನಿಮ್ಮ ಬೆವರು ಮಾತ್ರ ಇಳಿಯುತ್ತದೆ ಅಂದೆ. ಗೇರ್ ಹಾಕುವ ಕಾರಾದರೆ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಬಹುದಿತ್ತು.

ನನ್ನ ಚೀಲದಲ್ಲಿ ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಜಂಪರ್ ಕೇಬಲ್ ಇತ್ತು. ಐದು ನಿಮಿಷದ ಮೇಡಂ ತಮ್ಮ ಪೆಟ್ರೋಲ್ ಕಾರು ಪಕ್ಕಕ್ಕೆ ತಂದು ಆಫ್ ಮಾಡಿದರು. ಎರಡು ಕಾರು ಒಂದಕ್ಕೊಂದು ತಾಗಬಾರದು. ಕೆಂಪು ಕ್ಲಿಪ್ ಮೊದಲು ರಾಯರ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಮೇಡಂ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಮೇಡಂ ಬ್ಯಾಟರಿಯ ಮೈನಸ್‌ಗೆ. ಉಳಿದ ಕೊನೆಯ ಕ್ಲಿಪ್ಪನ್ನು ರಾಯರ ಬ್ಯಾಟರಿಗೆ ಹಾಕಲಿಲ್ಲ, ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿದೆ. ಕೊನೆಯ ಕ್ಲಿಪ್ಪಿನಲ್ಲಿ ಕಿಡಿ ಬರುತ್ತದೆ, ಆ ಕಿಡಿ ಬ್ಯಾಟರಿಯ ಗ್ಯಾಸ್ ಹತ್ತಿರ ಬರಬಾರದು ಅಂತ. ಮೇಡಂ ಕಾರು ಐದು ನಿಮಿಷ ಓಡಿಸಿದ ಮೇಲೆ ರಾಯರು ಸೆಲ್ಫ್ ಹೊಡೆದರು, ಎದ್ದಿತು. ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ ತೆಗೆದೆ.

‘ಈಗ ಆಫ್ ಮಾಡಬೇಡಿ. ಮೈಸೂರು ರಸ್ತೆ ಹಿಡಿದು ಬಿಡದಿವರೆಗೆ ಹೋಗಿ ಬನ್ನಿ, ಎಸಿ ಬೇಡ’ ಅಂದೆ. ರಾಯರು ಮನೆಯವರನ್ನೂ ಕರೆದುಕೊಂಡು ಹೊರಟರು. ಒಂದು ಗಂಟೆ ಕಳೆದು ಫೋನ್ ಬಂತು. ‘ಬಿಡದಿಗೆ ಬಂದ ಮೇಲೆ ತಟ್ಟೆ ಇಡ್ಲಿ ತಿನ್ನದೆ ಇರೋಕಾಗುತ್ತಾ ಸಾರ್? ಕಾರು ನಿಲ್ಲಿಸಿದ್ವಿ. ಈಗ ಮತ್ತೆ ಟಕಟಕ ಅಂತಿದೆ.’